ಗುಜರಿಗೆ ಹಾಕುವ ಮುನ್ನ: ಹಳೆಯ ಮಿನಿ ಕಂಪ್ಯೂಟರ್‌ಗಳ ಸಂಗ್ರಹ ಹಾಗೂ ಸಂರಕ್ಷಣೆ

ಕಾರ್ಖಾನೆಗಳ, ಗಿರಣಿಗಳ ಹಾಗೂ ದೊಡ್ಡ ವ್ಯಾಪಾರ ಸಂಸ್ಥೆಗಳ ಉಗ್ರಾಣಗಳಲ್ಲಿ ಲೆಕ್ಕಪತ್ರದಿಂದ ಎಂದೋ ಹೊರಬಿದ್ದು, ಜಾಗವನ್ನು ಮಾತ್ರ ಬಿಟ್ಟುಕೊಡದ ಕೆಲವು ವಸ್ತುಗಳಿರುತ್ತವೆ. ಆಳೆತ್ತರದ ಉಕ್ಕಿನ ಕಪಾಟು, ಅದರ ಮುಂಭಾಗದಲ್ಲಿ ಸಾಲುಸಾಲಾಗಿ ಸ್ವಿಚ್ಚುಗಳು ಮತ್ತು ಪುಟ್ಟ ದೀಪಗಳು, ಹಿಂಭಾಗದಲ್ಲಿ ದಪ್ಪನೆಯ ಕೇಬಲ್ಲುಗಳ ಕಟ್ಟು. ಇಂತಹ ಯಂತ್ರವೊಂದು ನಮ್ಮ ಸದಸ್ಯರಲ್ಲಿ ಕೆಲವರ ಗೋದಾಮಿನಲ್ಲಿ ಇಂದಿಗೂ ಇರಬಹುದು. ಅದು ಮಿನಿ ಕಂಪ್ಯೂಟರ್. ಒಂದು ಕಾಲದಲ್ಲಿ ಸಂಸ್ಥೆಯ ಸಂಬಳದ ಪಟ್ಟಿ, ದಾಸ್ತಾನು, ಬಾಕಿ ವಸೂಲಿ ಇವೆಲ್ಲವನ್ನೂ ನಿರ್ವಹಿಸಿದ ಯಂತ್ರವದು.

ಕೆಲವು ವರ್ಷಗಳ ಹಿಂದೆ ಪರಿಚಿತ ಉದ್ಯಮಿಯೊಬ್ಬರು ತಮ್ಮ ಕಾರ್ಖಾನೆಯಲ್ಲಿದ್ದ ಇಂತಹುದೊಂದು ಯಂತ್ರವನ್ನು ಮಾರಲು ನಿಶ್ಚಯಿಸಿದರು. ಕೊಳ್ಳಲು ಬಂದವರು ಸಹಜವಾಗಿಯೇ ಯಂತ್ರ ನಡೆಯುತ್ತದೆಯೇ ಎಂದು ಕೇಳಿದರು. ಕೂಡಲೇ ಕಾರ್ಖಾನೆಯ ವೈರ್‌ಮನ್‌ನನ್ನು ಕರೆಸಿ, ಹದಿನೈದು ವರ್ಷ ವಿದ್ಯುತ್ತನ್ನೇ ಕಾಣದ ಯಂತ್ರಕ್ಕೆ ಸಂಪರ್ಕ ಕೊಡಿಸಲಾಯಿತು. ದೀಪಗಳು ಉರಿದವು, ಎಲ್ಲರಿಗೂ ಸಂತೋಷವಾಯಿತು. ಐದಾರು ನಿಮಿಷಗಳಲ್ಲಿ ಒಳಗಿನಿಂದ ಪಟಾಕಿಯಂತಹ ಸದ್ದು, ಅದರ ಹಿಂದೆಯೇ ಹೊಗೆ. ಪವರ್ ಸಪ್ಲೈ ಕೆಟ್ಟು ಮಿತಿಮೀರಿದ ವೋಲ್ಟೇಜ್ ಒಳಗಿನ ಕಾರ್ಡುಗಳಿಗೆಲ್ಲ ಹರಿದಿತ್ತು. ಕೊಳ್ಳಲು ಬಂದವರು ನಮಸ್ಕಾರ ಹೇಳಿ ಹೊರಟರು. ಮರುವಾರ ಆ ಯಂತ್ರ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಅಲ್ಲಿಯೇ ನಿಂತಿದ್ದ ನನಗೂ ಆಗ ತಡೆಯಬೇಕೆಂದು ತಿಳಿದಿರಲಿಲ್ಲ.

ಆ ಅಜ್ಞಾನದಿಂದಾದ ನಷ್ಟ ಇತರರಿಗೆ ಆಗದಿರಲಿ ಎಂಬುದೇ ಈ ಲೇಖನದ ಉದ್ದೇಶ. ಇಂತಹ ಯಂತ್ರಗಳು ಯಾವುವು, ಅವುಗಳ ಮೌಲ್ಯ ಯಾವುದರಲ್ಲಿದೆ, ಅವುಗಳನ್ನು ಕೆಡದಂತೆ ಇಡುವುದು ಹೇಗೆ ಎಂಬುದನ್ನು ಕ್ರಮವಾಗಿ ನೋಡೋಣ.

ಮಿನಿ ಕಂಪ್ಯೂಟರ್ ಎಂದರೇನು?

1960ರ ದಶಕದವರೆಗೆ ಗಣಕಯಂತ್ರವೆಂದರೆ ಒಂದು ಇಡೀ ಸಭಾಂಗಣವನ್ನು ತುಂಬುವ, ಸರ್ಕಾರಗಳೂ ಭಾರಿ ಕಂಪನಿಗಳೂ ಮಾತ್ರ ಕೊಳ್ಳಬಹುದಾದ ವಸ್ತುವಾಗಿತ್ತು. ಅದನ್ನು ಒಂದೆರಡು ಕಪಾಟುಗಳಿಗೆ ಇಳಿಸಿ, ಪ್ರಯೋಗಾಲಯ, ಕಾರ್ಖಾನೆ, ಮಧ್ಯಮ ಗಾತ್ರದ ಕಚೇರಿ ಇವುಗಳ ಕೈಗೆಟುಕುವಂತೆ ಮಾಡಿದ್ದು ಮಿನಿ ಕಂಪ್ಯೂಟರ್.

ಈ ಕ್ಷೇತ್ರದಲ್ಲಿ ಅಗ್ರಗಣ್ಯವಾದುದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್. ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಎಂಬ ಇಬ್ಬರು ಎಂಜಿನಿಯರುಗಳು 1957ರಲ್ಲಿ ಕೇವಲ 70,000 ಡಾಲರ್ ಬಂಡವಾಳದೊಂದಿಗೆ, ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಎಂಬ ಊರಿನ ಹಳೆಯ ಉಣ್ಣೆ ಗಿರಣಿಯೊಂದರಲ್ಲಿ ಇದನ್ನು ಪ್ರಾರಂಭಿಸಿದರು. ಸಣ್ಣ ಉದ್ಯಮವಾಗಿ ಹುಟ್ಟಿದ ಈ ಸಂಸ್ಥೆ ಮುಂದೆ ಲಕ್ಷಕ್ಕೂ ಮೀರಿದ ನೌಕರರನ್ನು ಹೊಂದುವ ಮಟ್ಟಕ್ಕೆ ಬೆಳೆಯಿತೆಂಬುದು ನಮ್ಮ ಓದುಗರಿಗೆ ಗಮನಾರ್ಹ. 1965ರಲ್ಲಿ ಅದು 18,000 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದ ಪಿಡಿಪಿ-8 ಎಂಬ ಯಂತ್ರ ಮಿನಿ ಕಂಪ್ಯೂಟರ್ ಯುಗವನ್ನೇ ತೆರೆಯಿತು. ಅದರ ನಾನಾ ಮಾದರಿಗಳು ಸೇರಿ 50,000ಕ್ಕೂ ಹೆಚ್ಚು ಮಾರಾಟವಾದವು. 1970ರಲ್ಲಿ ಬಂದ ಪಿಡಿಪಿ-11 ಸರಣಿಯ ಯಂತ್ರಗಳ ಮಾರಾಟ ಸುಮಾರು ಆರು ಲಕ್ಷ. 1977ರಲ್ಲಿ ವ್ಯಾಕ್ಸ್-11/780 ಬಂತು. ಡೇಟಾ ಜನರಲ್ ಕಂಪನಿಯ ನೋವಾ, ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಯಂತ್ರಗಳು ಇದೇ ವರ್ಗದವು. 1980ರ ದಶಕದಲ್ಲಿ ಮೇಜಿನ ಮೇಲಿನ ಪರ್ಸನಲ್ ಕಂಪ್ಯೂಟರ್ ಬಲಗೊಂಡಂತೆ ಈ ಯುಗ ಇಳಿಮುಖವಾಯಿತು. ಡಿಜಿಟಲ್ ಸಂಸ್ಥೆಯನ್ನು 1998ರಲ್ಲಿ ಕಾಂಪ್ಯಾಕ್ ಕೊಂಡಿತು. ಕಾಂಪ್ಯಾಕ್ ಸಂಸ್ಥೆ 2002ರಲ್ಲಿ ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ಲೀನವಾಯಿತು. ಮೂಲ ತಯಾರಕರೇ ಇಲ್ಲವಾದ ಮೇಲೆ ಬಿಡಿಭಾಗ, ಕೈಪಿಡಿ, ತಂತ್ರಜ್ಞರು ಎಲ್ಲವೂ ಸಂಗ್ರಾಹಕರ ಹೊಣೆಯಾಗುವುದು ಅನಿವಾರ್ಯ.

ನಮ್ಮ ದೇಶಕ್ಕೆ ಬಂದ ಬಗೆ

ಭಾರತದಲ್ಲಿಯೂ ಈ ಇತಿಹಾಸಕ್ಕೆ ತನ್ನದೇ ಆದ ಅಧ್ಯಾಯವಿದೆ. ಹೈದರಾಬಾದಿನಲ್ಲಿ 1967ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಇಸಿಐಎಲ್ ಸಂಸ್ಥೆ 1969ರಲ್ಲಿ ಟಿಡಿಸಿ-12 ಎಂಬ ಯಂತ್ರವನ್ನು ಹೊರತಂದಿತು. ಟ್ರಾಂಬೆ ಡಿಜಿಟಲ್ ಕಂಪ್ಯೂಟರ್ ಎಂಬುದು ಈ ಹೆಸರಿನ ವಿಸ್ತರಣೆ. ಬಳಿಕ ಟಿಡಿಸಿ-312 ಹಾಗೂ ಟಿಡಿಸಿ-316 ಬಂದವು. 1978ರಲ್ಲಿ ಐಬಿಎಂ ದೇಶವನ್ನು ತೊರೆಯಿತು. ಅದೇ ಸುಮಾರಿಗೆ ಖಾಸಗಿ ಕಂಪನಿಗಳಿಗೂ ಮಿನಿ ಕಂಪ್ಯೂಟರ್ ತಯಾರಿಕೆಯ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ 1980ರ ದಶಕದ ಆರಂಭದಲ್ಲಿ ವಿಪ್ರೊ ಸಂಸ್ಥೆ ಇಂಟೆಲ್ 8086 ಚಿಪ್ ಆಧರಿಸಿದ ಮಿನಿ ಕಂಪ್ಯೂಟರನ್ನು ತಯಾರಿಸಿತು. ಇನ್ಫೋಸಿಸ್ ಸಂಸ್ಥೆ ತನ್ನ ಆರಂಭದ ದಿನಗಳಲ್ಲಿ ಆಮದು ಮಾಡಿಕೊಂಡ ಮೊದಲ ಯಂತ್ರ ಡೇಟಾ ಜನರಲ್ ಕಂಪನಿಯ ಎಂವಿ/8000. ಭಾರತೀಯ ರೈಲ್ವೆಯ ಗಣಕೀಕೃತ ಮುಂಗಡ ಕಾಯ್ದಿರಿಸುವಿಕೆ 1985ರಲ್ಲಿ ದೆಹಲಿಯಲ್ಲಿ ಪ್ರಾರಂಭವಾದುದು ವ್ಯಾಕ್ಸ್ ಯಂತ್ರಗಳ ಮೇಲೆಯೇ.

ಇಂದು ಸಾಫ್ಟ್‌ವೇರ್ ರಾಜಧಾನಿಯೆಂದು ಹೆಸರಾದ ನಮ್ಮ ನಗರದ ಮೊದಲ ಪೀಳಿಗೆಯ ತಂತ್ರಜ್ಞರು ಕೈಪಳಗಿಸಿಕೊಂಡದ್ದು ಇಂತಹ ಯಂತ್ರಗಳ ಮುಂದೆ. ಅಮೆರಿಕದಲ್ಲಿ ಪಿಡಿಪಿ-8 ಯಂತ್ರಗಳು ನೂರಾರು ಉಳಿದಿವೆ. ನಮ್ಮ ದೇಶದಲ್ಲಿ ತಯಾರಾದ ಯಂತ್ರಗಳಾದರೋ ಸಂಖ್ಯೆಯಲ್ಲಿ ಮೊದಲೇ ಕಡಿಮೆ. ಅವುಗಳಲ್ಲಿ ಪ್ರತಿಯೊಂದು ಗುಜರಿಗೆ ಹೋದಂತೆಲ್ಲ ಆ ಮಾದರಿಯೇ ಅಳಿಯುವ ಸಂಭವವಿದೆ.

ಏಕೆ ಉಳಿಸಬೇಕು?

ಹಳೆಯ ಕಾರುಗಳನ್ನು ಉಳಿಸುವುದರಲ್ಲಿ ನಮ್ಮವರಿಗೆ ಅಭಿರುಚಿ ಇದೆ. ಧರ್ಮಸ್ಥಳದಲ್ಲಿರುವ ಕಾರುಗಳ ಸಂಗ್ರಹವನ್ನು ನೋಡಿ ಮೆಚ್ಚದವರಿಲ್ಲ. ಬೀಟೆ ಮರದ ಪೆಟ್ಟಿಗೆ, ಹಿತ್ತಾಳೆಯ ಕೊಳಗ ಇವುಗಳ ಬೆಲೆಯೂ ನಮಗೆ ಗೊತ್ತು. ಗಣಕಯಂತ್ರದ ವಿಷಯದಲ್ಲಿ ಮಾತ್ರ ಹಳತೆಂದರೆ ಕಸ ಎಂಬ ಭಾವನೆ ಬೇರೂರಿದೆ. ಇದಕ್ಕೆ ವ್ಯತಿರಿಕ್ತವಾದ ಎರಡು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು, ಉಪಯುಕ್ತತೆ. ಕೆನಡಾದ ಅಣುವಿದ್ಯುತ್ ಸ್ಥಾವರಗಳಲ್ಲಿ ಪಿಡಿಪಿ-11 ಯಂತ್ರಗಳನ್ನು 2050ರವರೆಗೆ ಬಳಸುವ ಯೋಜನೆಯಿದ್ದು, ಅದಕ್ಕೆ ಪ್ರೋಗ್ರಾಂ ಬರೆಯಬಲ್ಲವರಿಗಾಗಿ ಹುಡುಕಾಟ ನಡೆದಿದೆಯೆಂದು 2013ರಲ್ಲಿ ವರದಿಯಾಗಿತ್ತು. ಸುರಕ್ಷತೆ ಸಾಬೀತಾದ ವ್ಯವಸ್ಥೆಯನ್ನು ಬದಲಿಸುವ ವೆಚ್ಚಕ್ಕಿಂತ ಹಳೆಯದನ್ನು ಕಾಪಾಡುವ ವೆಚ್ಚ ಕಡಿಮೆ ಎಂಬುದೇ ಇದರ ಹಿಂದಿನ ವ್ಯಾಪಾರಿ ಲೆಕ್ಕ.

ಎರಡನೆಯದು, ಜ್ಞಾನ. ಇಂದಿನ ಮೊಬೈಲ್ ಫೋನುಗಳಿಂದ ಹಿಡಿದು ಬ್ಯಾಂಕುಗಳ ಸರ್ವರ್‌ಗಳವರೆಗೆ ಬಹುಪಾಲಿಗೆ ಮೂಲವಾದ ಯೂನಿಕ್ಸ್ ಎಂಬ ವ್ಯವಸ್ಥೆ ಹುಟ್ಟಿದ್ದು 1969ರಲ್ಲಿ ಪಿಡಿಪಿ-7 ಯಂತ್ರದ ಮೇಲೆ. ಬೆಳೆದದ್ದು ಪಿಡಿಪಿ-11ರ ಮೇಲೆ. 1973ರ ಕಾಲದ ಅದರ ನಾಲ್ಕನೆಯ ಆವೃತ್ತಿ ಪೂರ್ಣರೂಪದಲ್ಲಿ ಎಲ್ಲಿಯೂ ಉಳಿದಿಲ್ಲವೆಂದೇ ತಿಳಿಯಲಾಗಿತ್ತು. 2025ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಉಗ್ರಾಣವೊಂದನ್ನು ಸ್ವಚ್ಛಗೊಳಿಸುವಾಗ ಅದರ ಒಂದು ಮ್ಯಾಗ್ನೆಟಿಕ್ ಟೇಪು ದೊರೆಯಿತು. ಐವತ್ತು ವರ್ಷ ಸುಮ್ಮನೆ ಬಿದ್ದಿದ್ದ ಆ ಟೇಪನ್ನು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಎಚ್ಚರಿಕೆಯಿಂದ ಓದಿ, ಒಳಗಿದ್ದುದನ್ನು ಉಳಿಸಿಕೊಳ್ಳಲಾಯಿತು. ಉಗ್ರಾಣ ತೊಳೆದವರು ಟೇಪಿನ ಮೇಲಿನ ಚೀಟಿಯನ್ನು ಓದದೆ ಎಸೆದಿದ್ದರೆ ಆ ಆವೃತ್ತಿ ಶಾಶ್ವತವಾಗಿ ಹೋಗುತ್ತಿತ್ತು.

ಮೌಲ್ಯ ಇರುವುದು ಯಾವುದರಲ್ಲಿ?

ಗುಜರಿ ವ್ಯಾಪಾರಿಯ ಕಣ್ಣಿಗೆ ಈ ಯಂತ್ರವೆಂದರೆ ಉಕ್ಕು, ತಾಮ್ರ ಮತ್ತು ಸರ್ಕ್ಯೂಟ್ ಕಾರ್ಡುಗಳ ಅಂಚಿನ ಸಂಪರ್ಕಗಳಿಗೆ ಲೇಪಿಸಿದ ಚಿನ್ನ. ಆ ತೆಳುವಾದ ಲೇಪನಕ್ಕಾಗಿಯೇ ಅಸಂಖ್ಯಾತ ಕಾರ್ಡುಗಳು ಆಮ್ಲದಲ್ಲಿ ಕರಗಿಹೋಗಿವೆ. ಸಂಗ್ರಾಹಕನ ಕಣ್ಣಿಗೆ ಅದೇ ಯಂತ್ರದ ಮೌಲ್ಯ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ.

1. ಸಮಗ್ರತೆ: ಮುಖ್ಯ ಯಂತ್ರ, ಡಿಸ್ಕ್ ಡ್ರೈವ್, ಟೇಪ್ ಡ್ರೈವ್, ಟರ್ಮಿನಲ್, ಟೆಲಿಟೈಪ್, ಇವುಗಳನ್ನು ಜೋಡಿಸುವ ಕೇಬಲ್‌ಗಳು ಎಲ್ಲವೂ ಒಟ್ಟಿಗಿದ್ದಾಗಲೇ ಬೆಲೆ. ಮುಂಭಾಗದ ಅಂದವಾದ ಫಲಕವನ್ನು ಮಾತ್ರ ಬಿಚ್ಚಿ ಗೋಡೆಗೆ ತೂಗುಹಾಕಲು ಮಾರುವವರಿದ್ದಾರೆ. ಹಾಗೆ ಮಾಡಿದರೆ ಫಲಕ ಅಲಂಕಾರದ ವಸ್ತುವಾಗುತ್ತದೆ; ಯಂತ್ರ ನಿಷ್ಪ್ರಯೋಜಕವಾಗುತ್ತದೆ.

2. ಕಾಗದಪತ್ರ: ಕೈಪಿಡಿಗಳು, ಸರ್ಕ್ಯೂಟ್ ನಕ್ಷೆಗಳು ಹಾಗೂ ಸೇವಾ ಎಂಜಿನಿಯರ್ ಕೈಬರಹದಲ್ಲಿ ತುಂಬಿದ ದುರಸ್ತಿ ಪುಸ್ತಕ. ತಯಾರಕರು ಯಂತ್ರ ಮಾರಿದ ಬಳಿಕವೂ ಕಾರ್ಡುಗಳಲ್ಲಿ ಸಣ್ಣಪುಟ್ಟ ಮಾರ್ಪಾಡುಗಳನ್ನು ಮಾಡುತ್ತಿದ್ದುದರಿಂದ, ನಿಮ್ಮ ಯಂತ್ರದ ನಿಜಸ್ಥಿತಿ ಆ ದುರಸ್ತಿ ಪುಸ್ತಕದಲ್ಲಲ್ಲದೆ ಬೇರೆಲ್ಲಿಯೂ ಸಿಗಲಾರದು.

3. ಸಾಫ್ಟ್‌ವೇರ್: ಟೇಪು, ಡಿಸ್ಕ್ ಪ್ಯಾಕ್, ಫ್ಲಾಪಿ, ರಂಧ್ರ ಕೊರೆದ ಕಾಗದದ ಸುರುಳಿ. ಅದರಲ್ಲೂ ಸ್ಥಳೀಯವಾಗಿ ಬರೆಸಿದ ಸಂಬಳದ ಅಥವಾ ದಾಸ್ತಾನಿನ ಪ್ರೋಗ್ರಾಂಗಳಿಗೆ ಇನ್ನೊಂದು ಪ್ರತಿ ಎಲ್ಲಿಯೂ ಇರುವುದಿಲ್ಲ.

4. ಪೂರ್ವಚರಿತ್ರೆ: ಯಾವ ವರ್ಷ, ಯಾರಿಂದ, ಎಷ್ಟಕ್ಕೆ ಕೊಂಡದ್ದು, ಯಾವ ಕೆಲಸಕ್ಕೆ ಬಳಸಿದ್ದು ಎಂಬುದಕ್ಕೆ ಬಿಲ್ಲು, ಸ್ಥಾಪನೆಯ ಛಾಯಾಚಿತ್ರ, ಅದನ್ನು ನಡೆಸಿದ ನೌಕರರ ಹೇಳಿಕೆ. ಕೊನೆಯದು ಅತ್ಯಂತ ತುರ್ತಿನದು. ಯಂತ್ರ ಇನ್ನೂ ಹತ್ತು ವರ್ಷ ಗೋದಾಮಿನಲ್ಲಿ ಕಾಯಬಹುದು. ನಿವೃತ್ತ ಆಪರೇಟರ್ ಕಾಯಲಾರರು. ಅವರನ್ನು ಒಂದು ದಿನ ಕರೆಸಿ, ಯಂತ್ರದ ಮುಂದೆ ಕೂರಿಸಿ, ಅವರು ಹೇಳಿದ್ದನ್ನು ಧ್ವನಿಮುದ್ರಿಸಿಕೊಳ್ಳುವುದಕ್ಕೆ ಖರ್ಚೇನೂ ತಗುಲದು.

ಮೊದಲ ನಿಯಮ: ಸ್ವಿಚ್ ಹಾಕಬೇಡಿ

ಬಹುಕಾಲ ನಿಂತ ಯಂತ್ರಕ್ಕೆ ನೇರವಾಗಿ ವಿದ್ಯುತ್ ಕೊಡುವುದೇ ಅದರ ನಾಶಕ್ಕೆ ಮುಖ್ಯ ಕಾರಣ. ಪವರ್ ಸಪ್ಲೈಯಲ್ಲಿರುವ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳ ಒಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರವಿರುತ್ತದೆ. ವರ್ಷಗಟ್ಟಲೆ ವಿದ್ಯುತ್ ಇಲ್ಲದಿದ್ದರೆ ಈ ಪದರ ಶಿಥಿಲವಾಗುತ್ತದೆ. ಆಗ ಪೂರ್ಣ ವೋಲ್ಟೇಜ್ ಕೊಟ್ಟರೆ ವಿದ್ಯುತ್ ಸೋರಿ, ಒಳಗಿನ ದ್ರವ ಕಾದು, ಡಬ್ಬಿ ಸಿಡಿಯುತ್ತದೆ. ಆದ್ದರಿಂದ ಅನುಸರಿಸಬೇಕಾದ ಕ್ರಮ ಹೀಗಿದೆ.

ಮೊದಲು ಎಲ್ಲ ಕಾರ್ಡುಗಳ ಸ್ಥಾನವನ್ನು ಛಾಯಾಚಿತ್ರ ತೆಗೆದು ಬರೆದುಕೊಂಡು, ಅವುಗಳನ್ನು ಪೂರ್ಣವಾಗಿ ಹೊರತೆಗೆಯಬೇಕು. ಕಾರ್ಡು ಮುಟ್ಟುವ ಮುನ್ನ ಕೈಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳುವುದು ಒಳ್ಳೆಯದು. ಬಳಿಕ ಕೆಪ್ಯಾಸಿಟರ್‌ಗಳನ್ನು ಒಂದೊಂದಾಗಿ ಬಿಚ್ಚಿ, ರೆಸಿಸ್ಟರ್ ಮೂಲಕ ಅಲ್ಪ ವೋಲ್ಟೇಜಿನಿಂದ ಮೊದಲುಗೊಂಡು ಗಂಟೆಗಟ್ಟಲೆ ನಿಧಾನವಾಗಿ ಏರಿಸುತ್ತ, ಸೋರುವ ವಿದ್ಯುತ್ ಇಳಿಯುವುದೇ ಎಂದು ನೋಡಬೇಕು. ಇಳಿದರೆ ಆಕ್ಸೈಡ್ ಪದರ ಮತ್ತೆ ಕೂಡಿಕೊಂಡಿದೆಯೆಂದು ಅರ್ಥ. ಇಳಿಯದಿದ್ದರೆ, ದ್ರವ ಒಸರಿದ್ದರೆ ಅಥವಾ ಡಬ್ಬಿ ಉಬ್ಬಿದ್ದರೆ ಹೊಸದನ್ನು ಹಾಕಬೇಕು. ಅನಂತರ ಪವರ್ ಸಪ್ಲೈಯನ್ನು ಯಂತ್ರದಿಂದ ಪ್ರತ್ಯೇಕವಾಗಿ, ತಕ್ಕ ರೆಸಿಸ್ಟರ್ ಅಥವಾ ಕಾರಿನ ಬಲ್ಬುಗಳ ಹೊರೆ ಕೊಟ್ಟು ಪರೀಕ್ಷಿಸಬೇಕು. ಈ ಯಂತ್ರಗಳ ಚಿಪ್ಪುಗಳಲ್ಲಿ ಹೆಚ್ಚಿನವು 5 ವೋಲ್ಟಿನ ಟಿಟಿಎಲ್ ವರ್ಗದವು. ಅವುಗಳಿಗೆ ಸಲ್ಲುವ ಮಿತಿ 4.75ರಿಂದ 5.25 ವೋಲ್ಟ್, 7 ವೋಲ್ಟ್ ಮೀರಿದರೆ ಅವು ಸುಟ್ಟುಹೋಗುವ ಅಪಾಯವಿದೆ. ಮೇಲೆ ಹೇಳಿದ ಕಾರ್ಖಾನೆಯಲ್ಲಿ ಆದದ್ದು ಇದೇ. ವೋಲ್ಟೇಜ್ ಸ್ಥಿರವಾಗಿ ನಿಂತಿದೆಯೆಂದು ಖಚಿತವಾದ ಮೇಲೆಯೇ ಕಾರ್ಡುಗಳನ್ನು ಮರಳಿ ಸೇರಿಸಬೇಕು.

ಅಮೆರಿಕಕ್ಕಾಗಿ ತಯಾರಾದ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿಯ ವಿದ್ಯುತ್ 115 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸರಿಪಡಿಸುತ್ತದೆ, ಹರ್ಟ್ಜನ್ನು ಸರಿಪಡಿಸಲಾರದು. ಹಳೆಯ 8 ಇಂಚಿನ ಫ್ಲಾಪಿ ಡ್ರೈವುಗಳ ಮೋಟಾರು ನೇರವಾಗಿ ಎಸಿ ವಿದ್ಯುತ್ತಿನ ವೇಗದಲ್ಲಿಯೇ ತಿರುಗುವುದರಿಂದ, ಇಲ್ಲಿ ಅವು ನಿಧಾನವಾಗಿ ತಿರುಗಿ ಏನನ್ನೂ ಓದಲಾರವು. ಅಂತಹವಕ್ಕೆ ಬೇರೆ ಅಳತೆಯ ರಾಟೆ ಬೇಕಾಗುತ್ತದೆ. ವಿದೇಶದಿಂದ ಹಳೆಯ ಯಂತ್ರ ತರಿಸಲು ಬಯಸುವವರು ಬಳಸಿದ ಗಣಕ ಸಾಮಗ್ರಿಗಳ ಆಮದಿಗಿರುವ ನಿರ್ಬಂಧಗಳನ್ನು ಹಣ ಪಾವತಿಸುವ ಮುನ್ನವೇ ಕಸ್ಟಮ್ಸ್ ಏಜೆಂಟರಲ್ಲಿ ವಿಚಾರಿಸತಕ್ಕದ್ದು.

ಒಳಗೇ ಇರುವ ಶತ್ರುಗಳು

ಯಂತ್ರ ಸುಮ್ಮನೆ ನಿಂತಿದ್ದಾಗಲೂ ಕೆಡುತ್ತಿರುತ್ತದೆ. ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳು ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ಇವುಗಳನ್ನು ಕಂಡ ದಿನವೇ ತೆಗೆದುಹಾಕಬೇಕು. ಸೋರಿದ ಕ್ಷಾರವನ್ನು ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ, ಶುದ್ಧ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಬೇಕು. ಗಾಳಿ ಸೋಸಲೆಂದೂ ಸದ್ದು ತಡೆಯಲೆಂದೂ ಹಾಕಿದ ಪಾಲಿಯುರೆಥೇನ್ ಸ್ಪಂಜು ಕಾಲಾಂತರದಲ್ಲಿ ಅಂಟಾಗಿ ಅಥವಾ ಪುಡಿಯಾಗಿ ಉದುರುತ್ತದೆ. ಟೇಪ್ ಎಳೆಯುವ ರಬ್ಬರ್ ಉರುಳೆಗಳು ಡಾಂಬರಿನಂತೆ ಕರಗುತ್ತವೆ.

ಡಿಸ್ಕ್ ಡ್ರೈವುಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಡಿಜಿಟಲ್ ಸಂಸ್ಥೆಯ ಆರ್‌ಕೆ-05 ಡ್ರೈವ್ ಸುಮಾರು 50 ಕಿಲೋ ತೂಗುತ್ತದೆ. ಅದರ ಒಂದು ಡಿಸ್ಕಿನಲ್ಲಿ ಹಿಡಿಯುವುದು ಸುಮಾರು 25 ಲಕ್ಷ ಅಕ್ಷರಗಳು. ಓದುವ ತಲೆ ಡಿಸ್ಕಿನಿಂದ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ತೇಲುವುದರಿಂದ, ಉದುರಿದ ಸ್ಪಂಜಿನ ಒಂದು ಕಣ ಸಿಕ್ಕಿದರೂ ತಲೆ ಬಡಿದು ಡಿಸ್ಕಿನ ಲೇಪನ ಕಿತ್ತುಬರುತ್ತದೆ. ವಿದ್ಯುತ್ ಹಠಾತ್ತನೆ ಹೋದಾಗ ತಲೆಯನ್ನು ಹಿಂದಕ್ಕೆಳೆಯಲೆಂದು ಅದರಲ್ಲಿ ಒಂದು ಬ್ಯಾಟರಿ ಇದೆ. ಸತ್ತ ಬ್ಯಾಟರಿಯೊಂದಿಗೆ ಅದನ್ನು ನಡೆಸಿದರೆ, ಕರೆಂಟು ಹೋಗುವುದು ಮಾಮೂಲಾದ ನಮ್ಮಲ್ಲಿ ಏನಾಗಬಹುದೆಂದು ವಿವರಿಸಬೇಕಾಗಿಲ್ಲ. ಸೋಸುವ ಭಾಗಗಳನ್ನು ಬದಲಿಸಿ, ತಲೆಯನ್ನು ಶುಚಿಮಾಡಿ, ಬೆಲೆಯಿಲ್ಲದ ಖಾಲಿ ಡಿಸ್ಕೊಂದನ್ನು ಹಾಕಿ ಮೊದಲು ಪರೀಕ್ಷಿಸಬೇಕು. ಅಮೂಲ್ಯ ಮಾಹಿತಿಯಿರುವ ಡಿಸ್ಕು ಕೊನೆಯ ಸರದಿಯಲ್ಲಿ ಬರಲಿ.

ಟೇಪುಗಳಲ್ಲಿ ಲೇಪನವನ್ನು ಹಿಡಿದಿಡುವ ಅಂಟು ತೇವವನ್ನು ಹೀರಿ ಜಿಗುಟಾಗುವ ರೋಗವಿದೆ. ಅಂತಹ ಟೇಪನ್ನು ಓಡಿಸಿದರೆ ಲೇಪನವೇ ಸುಲಿದುಹೋಗಬಹುದು. ಬಲ್ಲವರು ಅದನ್ನು ಹದವಾದ ಶಾಖದಲ್ಲಿ ಒಣಗಿಸಿ, ಒಂದೇ ಓಟದಲ್ಲಿ ಓದಿಕೊಳ್ಳುತ್ತಾರೆ. ತಲೆಯಿಂದ ಬರುವ ಸಂಕೇತವನ್ನು ಇದ್ದಂತೆಯೇ ದಾಖಲಿಸಿ, ಅಕ್ಷರಗಳನ್ನು ಬಿಡಿಸುವ ಕೆಲಸವನ್ನು ಆಮೇಲೆ ಇಂದಿನ ಕಂಪ್ಯೂಟರಿಗೆ ವಹಿಸುವುದು ಈಗಿನ ಪದ್ಧತಿ. ಇದು ಮನೆಯಲ್ಲಿ ಪ್ರಯೋಗ ಮಾಡತಕ್ಕ ಕೆಲಸವಲ್ಲ.

ಹಳೆಯ ಯಂತ್ರಗಳ ಕೋರ್ ಮೆಮೊರಿಯ ಬಗ್ಗೆ ಒಂದು ಮಾತು. ಪಿಡಿಪಿ-8ರ ಮೂಲ ಸ್ಮರಣೆ 4,096 ಪದಗಳು. ಪ್ರತಿ ಪದಕ್ಕೆ 12 ಬಿಟ್‌ಗಳಂತೆ ಒಟ್ಟು 49,152 ಬಿಟ್‌ಗಳು. ಒಂದೊಂದು ಬಿಟ್‌ಗೂ ಸಾಸಿವೆ ಕಾಳಿನಷ್ಟು ಗಾತ್ರದ ಒಂದೊಂದು ಫೆರೈಟ್ ಉಂಗುರ. ಎಲ್ಲದರಲ್ಲೂ ಕೂದಲಿನಂತಹ ತಂತಿಗಳನ್ನು ಪೋಣಿಸಲಾಗಿದೆ. ವಿದ್ಯುತ್ ಇಲ್ಲದಿದ್ದರೂ ಇವು ಕಾಂತಶಕ್ತಿಯಿಂದ ಮಾಹಿತಿಯನ್ನು ಹಿಡಿದಿಡುತ್ತವೆ. ಎಂದರೆ, ಕೊನೆಯ ದಿನ ನಡೆದ ಪ್ರೋಗ್ರಾಂ ಇಂದಿಗೂ ಅದರಲ್ಲಿ ಉಳಿದಿರುವ ಸಾಧ್ಯತೆಯಿದೆ. ಇದನ್ನು ಬೆರಳಿನಿಂದ ಮುಟ್ಟುವುದಾಗಲಿ, ಬ್ರಷ್ಷಿನಿಂದ ಉಜ್ಜುವುದಾಗಲಿ, ಗಾಳಿಯ ಪಂಪಿನಿಂದ ಊದುವುದಾಗಲಿ ಕೂಡದು. ಒಂದು ತಂತಿ ತುಂಡಾದರೆ ಸರಿಪಡಿಸುವುದು ಬಹುಮಟ್ಟಿಗೆ ಅಸಾಧ್ಯ.

ಗೋದಾಮಿನ ವ್ಯವಸ್ಥೆ

ದುರಸ್ತಿಗೆ ಹಣವಾಗಲಿ ಜನರಾಗಲಿ ಸದ್ಯಕ್ಕೆ ಇಲ್ಲದಿದ್ದರೂ ಚಿಂತೆಯಿಲ್ಲ. ಸರಿಯಾಗಿ ಇಡುವುದೇ ಸಂರಕ್ಷಣೆಯ ಬಹುಭಾಗ. ಯಂತ್ರ ನೆಲಕ್ಕೆ ತಾಗದಂತೆ ಮರದ ಅಟ್ಟಣೆಯ ಮೇಲಿರಲಿ. ತಗಡಿನ ಛಾವಣಿಯ ಅಡಿಯ ಬೇಗೆ, ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ತೇವ ಮೂರೂ ಇದಕ್ಕೆ ವೈರಿಗಳು. ಗಾಳಿಯ ತೇವಾಂಶ ಶೇಕಡಾ 40ರಿಂದ 50ರಷ್ಟಿದ್ದರೆ ಉತ್ತಮ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ಹತ್ತಿಯ ಬಟ್ಟೆ ಹೊದಿಸುವುದು ಮೇಲು. ಇಲಿಗಳಿಗೆ ಕೇಬಲ್ಲುಗಳ ಹೊದಿಕೆ, ಗೆದ್ದಲಿಗೆ ಕೈಪಿಡಿಗಳು ಪ್ರಿಯವಾದ ಆಹಾರ. ಆದ್ದರಿಂದ ಕಾಗದಪತ್ರ ಹಾಗೂ ಟೇಪುಗಳನ್ನು ಯಂತ್ರದ ಬಳಿ ಬಿಡದೆ ಕಚೇರಿಯ ಉಕ್ಕಿನ ಬೀರುವಿನಲ್ಲಿ, ಸ್ಪೀಕರ್ ಹಾಗೂ ಮೋಟಾರುಗಳಿಂದ ದೂರವಾಗಿ ಇಡತಕ್ಕದ್ದು.

ಸ್ಥಳಾಂತರಿಸುವಾಗ ಪ್ರತಿ ಕೇಬಲ್ಲನ್ನು ಬಿಚ್ಚುವ ಮುನ್ನ ಅದರ ಎರಡೂ ತುದಿಗಳಿಗೆ ಚೀಟಿ ಕಟ್ಟಬೇಕು. ಡಿಸ್ಕ್ ಡ್ರೈವಿನ ತಲೆಯನ್ನು ಸಾಗಣೆಗೆಂದೇ ಇರುವ ಬೀಗದಿಂದ ಬಿಗಿಯಬೇಕು. ಕಪಾಟಿನಿಂದ ಭಾರವಾದ ಭಾಗವನ್ನು ಹೊರಗೆಳೆಯುವಾಗ ಇಡೀ ಕಪಾಟು ಮುಂದಕ್ಕೆ ಬೀಳಬಹುದಾದ್ದರಿಂದ, ಕೆಳಗಿನ ಆಧಾರ ಕಾಲುಗಳನ್ನು ಮೊದಲೇ ಹೊರಗೆಳೆದಿರಬೇಕು. ಹಮಾಲರಿಗೆ ಇದನ್ನು ಮುಂಚಿತವಾಗಿ ತಿಳಿಸುವುದು ಮಾಲೀಕರ ಹೊಣೆ.

ದುರಸ್ತಿಯ ಧರ್ಮ

ಸಂರಕ್ಷಣೆಯಲ್ಲಿ ಹೊಸದರಂತೆ ಹೊಳೆಯಿಸುವುದು ಗುರಿಯಲ್ಲ. ಮಾಡಿದ ಪ್ರತಿ ಕೆಲಸವೂ ಹಿಂದಿನ ಸ್ಥಿತಿಗೆ ಮರಳಿಸಬಹುದಾದಂತಿರಬೇಕು. ತೆಗೆದ ಪ್ರತಿ ಭಾಗವನ್ನೂ ಚೀಟಿಯೊಂದಿಗೆ ಎತ್ತಿಡಬೇಕು. ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಸ್ವಯಂಸೇವಕರ ತಂಡವೊಂದು ಪಿಡಿಪಿ-1 ಯಂತ್ರವನ್ನು ಪುನಶ್ಚೇತನಗೊಳಿಸಲು ಸುಮಾರು ಎರಡು ವರ್ಷ ಶ್ರಮಿಸಿತು. 1962ರಲ್ಲಿ ಅದೇ ಮಾದರಿಯ ಯಂತ್ರಕ್ಕಾಗಿ ರಚಿತವಾದ ಸ್ಪೇಸ್‌ವಾರ್ ಎಂಬ ಆಟ ಅಲ್ಲಿ ಮತ್ತೆ ನಡೆಯಿತು. ನಿವೃತ್ತ ಎಂಜಿನಿಯರುಗಳ ಬಿಡುವಿನ ವೇಳೆಯೇ ಇಂತಹ ಕಾರ್ಯಗಳ ಮುಖ್ಯ ಬಂಡವಾಳ.

ಯಂತ್ರ ನಡೆಯುವ ಸ್ಥಿತಿಯಲ್ಲಿ ಇಲ್ಲದಿದ್ದರೂ ಅದರ ಪ್ರೋಗ್ರಾಂಗಳು ಬದುಕಬಲ್ಲವು. ಡಿಜಿಟಲ್ ಸಂಸ್ಥೆಯ ಮಾಜಿ ಉಪಾಧ್ಯಕ್ಷ ಬಾಬ್ ಸಪ್ನಿಕ್ 1993ರಲ್ಲಿ ಪ್ರಾರಂಭಿಸಿದ ಸಿಮ್‌ಎಚ್ ಎಂಬ ಉಚಿತ ತಂತ್ರಾಂಶ, ಪಿಡಿಪಿ-8, ಪಿಡಿಪಿ-11, ವ್ಯಾಕ್ಸ್, ನೋವಾ ಮುಂತಾದವುಗಳನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಅನುಕರಿಸುತ್ತದೆ. ಆದರೆ ಅದಕ್ಕೆ ಉಣಿಸಲು ಮೂಲ ಟೇಪುಗಳು ಇರಬೇಕಲ್ಲವೇ? ಆದ್ದರಿಂದ, ಯಂತ್ರವನ್ನು ಬಿಡಲೇಬೇಕಾಗಿ ಬಂದರೂ ಟೇಪು ಮತ್ತು ಕೈಪಿಡಿಗಳನ್ನು ಬಿಡಬಾರದು.

ವಾರಸುದಾರರು ಯಾರು?

ಸಂಗ್ರಹಿಸುವುದಕ್ಕಿಂತ ಮುಂದಿನವರಿಗೆ ದಾಟಿಸುವುದು ಕಷ್ಟ. ಎರಡು ಭಿನ್ನ ನಿದರ್ಶನಗಳು ನಮ್ಮ ಮುಂದಿವೆ.

ಕೆನ್ ಓಲ್ಸನ್ ತರುಣರಾಗಿದ್ದಾಗ ದುಡಿದಿದ್ದ ವರ್ಲ್‌ವಿಂಡ್ ಎಂಬ ಗಣಕಯಂತ್ರ 1970ರ ದಶಕದಲ್ಲಿ ಗುಜರಿಗೆ ಹೋಗುವುದರಲ್ಲಿತ್ತು. ಅವರು ಮತ್ತು ಅವರ ಹಳೆಯ ಸಹೋದ್ಯೋಗಿ ರಾಬರ್ಟ್ ಎವರೆಟ್ ಮುಂದೆ ಬಂದು ಅದನ್ನು ಉಳಿಸಿಕೊಂಡರು. 1979ರಲ್ಲಿ ಡಿಜಿಟಲ್ ಸಂಸ್ಥೆಯ ಆಶ್ರಯದಲ್ಲಿ ಹುಟ್ಟಿದ ವಸ್ತುಸಂಗ್ರಹಾಲಯಕ್ಕೆ ಅದೇ ಬೀಜವಾಯಿತು. ಆ ಸಂಗ್ರಹ ಮುಂದೆ ಸ್ವತಂತ್ರ ಸಂಸ್ಥೆಯಾಗಿ ಬಾಸ್ಟನ್‌ಗೆ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಸಾಗಿ, ಇಂದು ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಆಗಿದೆ. ಹುಟ್ಟುಹಾಕಿದ ಕಂಪನಿ ಇಲ್ಲವಾಗಿದೆ, ಸಂಗ್ರಹ ಉಳಿದಿದೆ.

ಇದಕ್ಕೆ ವಿರುದ್ಧವಾದುದು ಮೈಕ್ರೋಸಾಫ್ಟ್ ಸಹಸಂಸ್ಥಾಪಕ ಪಾಲ್ ಆಲೆನ್ ಅವರು ಸಿಯಾಟಲ್‌ನಲ್ಲಿ ಕಟ್ಟಿದ ಲಿವಿಂಗ್ ಕಂಪ್ಯೂಟರ್ಸ್ ಸಂಗ್ರಹಾಲಯದ ಕಥೆ. 2012ರಲ್ಲಿ ಸಾರ್ವಜನಿಕರಿಗೆ ತೆರೆದ ಅಲ್ಲಿ ಹಳೆಯ ಯಂತ್ರಗಳು ಕೇವಲ ಪ್ರದರ್ಶನಕ್ಕಿರದೆ ನಿಜವಾಗಿಯೂ ನಡೆಯುತ್ತಿದ್ದವು. ಜನರು ಅವುಗಳನ್ನು ಬಳಸಿ ನೋಡಬಹುದಿತ್ತು. ಆಲೆನ್ 2018ರಲ್ಲಿ ನಿಧನರಾದರು. 2020ರಲ್ಲಿ ಸಾಂಕ್ರಾಮಿಕದ ಕಾರಣ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. 2024ರಲ್ಲಿ ಸಂಗ್ರಹದ ಹಲವು ಯಂತ್ರಗಳು ಹರಾಜಾದವು. ಹಣಕ್ಕೆ ಕೊರತೆಯಿಲ್ಲದವರ ಸಂಗ್ರಹಕ್ಕೂ ಹೀಗಾಗಬಹುದಾದರೆ, ನಮ್ಮಂತಹವರು ಕಾಗದದ ಮೇಲೆ ವ್ಯವಸ್ಥೆ ಮಾಡದೆ ಇರುವುದು ಸರಿಯೇ?

ದಾನ ಕೊಡುವವರು ಪಡೆಯುವ ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಕ್ಷೇಮ. ಯಂತ್ರವನ್ನು ಬಿಡಿಬಿಡಿಯಾಗಿ ಮಾರಬಾರದು, ಇಟ್ಟುಕೊಳ್ಳಲಾಗದಿದ್ದರೆ ಮೊದಲು ದಾನಿಗೆ ತಿಳಿಸಬೇಕು ಎಂಬ ಎರಡು ಷರತ್ತುಗಳಾದರೂ ಇರಲಿ. ಎಂಜಿನಿಯರಿಂಗ್ ಕಾಲೇಜುಗಳು, ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಂತಹ ಸಂಸ್ಥೆಗಳು, ಅಥವಾ ಕಾರ್ಖಾನೆಯದೇ ಸ್ವಾಗತ ಕೊಠಡಿ ಇವುಗಳಲ್ಲಿ ಯಾವುದು ಸೂಕ್ತವೆಂದು ವಿಚಾರಿಸಬಹುದು. ಟೇಪುಗಳಲ್ಲಿ ನೌಕರರ ಸಂಬಳ, ಗ್ರಾಹಕರ ಖಾತೆ ಮುಂತಾದ ಖಾಸಗಿ ವಿವರಗಳಿದ್ದರೆ ಅವುಗಳ ಬಳಕೆಯ ಬಗ್ಗೆಯೂ ಷರತ್ತು ಸೇರಿಸತಕ್ಕದ್ದು. ಯಾವ ದಾರಿಯೂ ಇಲ್ಲದೆ ವಿಲೇವಾರಿ ಮಾಡುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ 2022ರ ಇ-ತ್ಯಾಜ್ಯ ನಿಯಮಗಳಿಗೆ ಅನುಸಾರವಾಗಿ ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು.

ಸಣ್ಣ ಕೈಗಾರಿಕೆಗಳಿಗೆ ಇರುವ ಅವಕಾಶ

ಈ ಹವ್ಯಾಸದ ಸುತ್ತ ಒಂದು ಸಣ್ಣ ಮಾರುಕಟ್ಟೆಯೂ ಇದೆ. ಪಿಡಿಪಿ-8 ಹಾಗೂ ಪಿಡಿಪಿ-11ರ ಮುಂಭಾಗದ ಫಲಕವನ್ನು ಪುಟ್ಟದಾಗಿ ಮರುಸೃಷ್ಟಿಸಿ, ಒಳಗೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನ ಮೇಲೆ ಸಿಮ್‌ಎಚ್ ನಡೆಸುವ ಜೋಡಣೆ ಕಿಟ್‌ಗಳು ವಿದೇಶಗಳಲ್ಲಿ ಮಾರಾಟವಾಗುತ್ತಿವೆ. ಹಳೆಯ ಯಂತ್ರಗಳಿಗೆ ಬೇಕಾದ ರಬ್ಬರ್ ಉರುಳೆ, ಪ್ಲಾಸ್ಟಿಕ್ ಸ್ವಿಚ್ ಹಿಡಿ, ತಗಡಿನ ಚೌಕಟ್ಟು, ರಾಟೆ, ಮರುಸುತ್ತಿದ ಟ್ರಾನ್ಸ್‌ಫಾರ್ಮರ್ ಇವೆಲ್ಲ ನಮ್ಮ ಕೈಗಾರಿಕಾ ವಸಾಹತುಗಳ ಸಣ್ಣ ಘಟಕಗಳು ದಿನನಿತ್ಯ ಮಾಡುವ ಕೆಲಸಗಳೇ. ಇದರಿಂದ ಭಾರಿ ಲಾಭ ಬರುತ್ತದೆಂದು ಹೇಳುವುದು ತಪ್ಪಾದೀತು. ಬೇಡಿಕೆ ಹತ್ತಿಪ್ಪತ್ತರ ಸಂಖ್ಯೆಯದು. ಆದರೆ ಕಡಿಮೆ ಸಂಖ್ಯೆಯ, ಹೆಚ್ಚು ನಿಖರತೆಯ ಕೆಲಸವನ್ನು ವಿದೇಶಿ ಗ್ರಾಹಕನಿಗೆ ಮಾಡಿಕೊಟ್ಟ ಅನುಭವ ಬೇರೆ ಆರ್ಡರುಗಳಿಗೂ ದಾರಿಯಾಗಬಲ್ಲದು.

ಉಪಸಂಹಾರ

ಮೇಲಿನ ವಿವರಗಳನ್ನು ನೆನಪಿಡಲು ಅನುಕೂಲವಾಗುವಂತೆ ಸಂಗ್ರಹವಾಗಿ ಹೇಳುವುದಾದರೆ:

1. ಬಹುಕಾಲ ನಿಂತ ಯಂತ್ರಕ್ಕೆ ವಿದ್ಯುತ್ ಕೊಡಬೇಡಿ. ಕೊಳ್ಳುವವರು ಕೇಳಿದರೂ ಕೊಡಬೇಡಿ.
2. ಬ್ಯಾಟರಿಗಳಿದ್ದರೆ ಇಂದೇ ತೆಗೆಯಿರಿ.
3. ಇದ್ದುದನ್ನು ಇದ್ದಂತೆಯೇ ಛಾಯಾಚಿತ್ರ ತೆಗೆದು, ಮಾದರಿ ಹಾಗೂ ಕ್ರಮಸಂಖ್ಯೆಗಳನ್ನು ಬರೆದಿಡಿ.
4. ಯಂತ್ರ, ಕೇಬಲ್, ಕೈಪಿಡಿ, ಟೇಪುಗಳನ್ನು ಒಂದೇ ಆಸ್ತಿಯೆಂದು ಪರಿಗಣಿಸಿ, ಬಿಡಿಸಿ ಮಾರಬೇಡಿ.
5. ಅದನ್ನು ನಡೆಸಿದವರನ್ನು ಹುಡುಕಿ, ಅವರ ಮಾತನ್ನು ದಾಖಲಿಸಿ.
6. ಮುಂದೆ ಯಾರಿಗೆ ಸೇರಬೇಕೆಂಬುದನ್ನು ಬರವಣಿಗೆಯಲ್ಲಿ ನಿಶ್ಚಯಿಸಿ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಮೊತ್ತದ ಹಣ ಬೇಡ; ಒಂದು ಭಾನುವಾರದ ಬಿಡುವು ಸಾಕು. ನಮ್ಮ ಹಿರಿಯರು ಹಳೆಯ ರೋಕಡಿ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಅದರಲ್ಲಿನ ಬಾಕಿ ಎಂದೋ ತೀರಿರುತ್ತಿತ್ತು; ಆದರೂ ಮನೆತನದ ವ್ಯವಹಾರಕ್ಕೆ ಅದು ಸಾಕ್ಷಿಯೆಂಬ ಗೌರವವಿತ್ತು. ಗೋದಾಮಿನ ಮೂಲೆಯ ಉಕ್ಕಿನ ಕಪಾಟು ಅಂತಹುದೇ ಇನ್ನೊಂದು ರೋಕಡಿ. ಅದನ್ನು ತಕ್ಕಡಿಗೆ ಏರಿಸುವ ಮುನ್ನ ಒಮ್ಮೆ ಬಾಗಿಲು ತೆರೆದು, ದೀಪ ಹಿಡಿದು, ಮೇಲಿರುವ ಹೆಸರನ್ನು ಓದಿ ನೋಡಬೇಕೆಂದು ನಮ್ಮ ಸದಸ್ಯ ಬಾಂಧವರಲ್ಲಿ ವಿನಂತಿ.